ಸಂತ ಜೋಸೆಫರ ಹಬ್ಬವೂ ನಲವತ್ತೆಂಟು ಗಂಟೆಗಳ ಗಡುವೂ



ತಪಸ್ಸುಕಾಲದ ನಡುವೆ ನಮಗೆ ಸಿಗುವ ಒಂದು ಸಂತೋಷದ ದಿನ ಮಾರ್ಚ್ 19ರ ಸಂತ ಜೋಸೆಫರ ಹಬ್ಬ. ನಮ್ಮ ತಮಿಳು ಸಹೋದರರು ಅವರನ್ನು ಸೂಸೈಯಪ್ಪರ್ ಎಂದು ಕರೆಯುತ್ತಾರೆ. ಮಲಯಾಳಿಗಳು ಯೌಸೇಪ್ಪಿತಾವ್ ಎನ್ನುತ್ತಾರೆ. ಹೆಸರು ಬೇರೆ ಬೇರೆಯಾದರೂ ದೇವಾಲಯದ ಬಲಬದಿಯಲ್ಲಿರುವ ಸ್ವರೂಪ ಒಂದೇ, ಅದರ ಮುಂದೆ ನಾವೆಲ್ಲರೂ ಹಚ್ಚುವ ಮೇಣದಬತ್ತಿಗಳು ಒಂದೇ ಸಾಲಿನಲ್ಲಿ ಉರಿಯುತ್ತವೆ.

2003ರಲ್ಲಿ ಈ ಹಬ್ಬ ಒಂದು ಗಡುವಿನೊಳಗೆ ಸಿಕ್ಕಿಕೊಂಡಿತ್ತು. ಆ ವರ್ಷ ಮಾರ್ಚ್ 17ರ ಸೋಮವಾರ ರಾತ್ರಿ 8 ಗಂಟೆಗೆ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ವಾಷಿಂಗ್ಟನ್ನಿನಿಂದ ತಮ್ಮ ದೇಶದ ಜನರನ್ನು ಉದ್ದೇಶಿಸಿ ಮಾತನಾಡಿದರು. ಇರಾಕಿನ ಸದ್ದಾಂ ಹುಸೇನ್ ತಮ್ಮ ಇಬ್ಬರು ಮಕ್ಕಳೊಂದಿಗೆ 48 ಗಂಟೆಗಳೊಳಗೆ ದೇಶ ಬಿಟ್ಟು ಹೋಗಬೇಕು, ಇಲ್ಲವಾದರೆ ಯುದ್ಧ ಎಂದರು. ನಮಗೆ ಆಗ ಮಂಗಳವಾರ ಬೆಳಗಿನ ಆರೂವರೆ. ಮರುದಿನ ಬುಧವಾರ ಸಂತ ಜೋಸೆಫರ ಹಬ್ಬ. ಗುರುವಾರ ಬೆಳಿಗ್ಗೆ ಆರೂವರೆಗೆ ಗಡುವು ಮುಗಿಯಿತು. ಸುಮಾರು ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಬಾಗ್ದಾದಿನ ಮೇಲೆ ಬಾಂಬುಗಳು ಬೀಳತೊಡಗಿದವು.

ಇಷ್ಟು ಹಳೆಯ ಸಂಗತಿಯನ್ನು ಈಗೇಕೆ ತೆಗೆಯುತ್ತೇವೆಂದು ಕೆಲವರು ಕೇಳಬಹುದು. ಇತ್ತೀಚೆಗೆ ನಮ್ಮ ಕಿರು ಕ್ರೈಸ್ತ ಸಮುದಾಯದ ಒಂದು ಕೂಟದಲ್ಲಿ ಯುದ್ಧದ ಸುದ್ದಿಯ ಮಾತು ಬಂತು. ಹಿರಿಯ ತಾಯಿಯೊಬ್ಬರು ಜಪಸರ ಕೈಯಲ್ಲಿ ಹಿಡಿದುಕೊಂಡೇ, ಅಷ್ಟು ದೊಡ್ಡ ಸ್ಥಾನದಲ್ಲಿ ಕುಳಿತವರು ಸುಮ್ಮಸುಮ್ಮನೆ ಹೇಳುತ್ತಾರೆಯೇ, ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುತ್ತದೆಯೇ ಎಂದು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ. ಅಂದು ಕೂಟದ ಹೊತ್ತು ಮುಗಿದಿತ್ತು, ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ತಾಯಿಗೂ ನಮಗೆಲ್ಲರಿಗೂ ಇರುವ ಉತ್ತರವನ್ನು 2003ರ ಆ ನಲವತ್ತೆಂಟು ಗಂಟೆಗಳಲ್ಲಿ ಹುಡುಕೋಣ.

ಮೊದಲು ಅಧ್ಯಕ್ಷರು ಏನು ಹೇಳಿದರೆಂಬುದನ್ನು ನ್ಯಾಯವಾಗಿ ನೆನೆಯೋಣ. ಇರಾಕಿನ ಬಳಿ ಅತ್ಯಂತ ಮಾರಕವಾದ ಅಸ್ತ್ರಗಳಿವೆ, ಅವುಗಳನ್ನು ಅದು ಬಚ್ಚಿಟ್ಟಿದೆ, ತಮ್ಮ ಬೇಹುಗಾರಿಕೆಯ ಮಾಹಿತಿಯಂತೆ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ ಎಂದರು. ಆ ಅಸ್ತ್ರಗಳು ಭಯೋತ್ಪಾದಕರ ಕೈಸೇರಿದರೆ ಅಮೆರಿಕದಲ್ಲಿ ಸಾವಿರಾರು, ಲಕ್ಷಾಂತರ ಜನ ಸಾಯಬಹುದು ಎಂದರು. ಭದ್ರತಾ ಮಂಡಳಿ ತನ್ನ ಹೊಣೆ ನಿಭಾಯಿಸಲಿಲ್ಲ, ಆದ್ದರಿಂದ ತಾವು ನಿಭಾಯಿಸುತ್ತೇವೆ ಎಂದರು. ಇರಾಕಿನ ಜನರಿಗೆ ಅವರ ಬಿಡುಗಡೆಯ ದಿನ ಹತ್ತಿರವಾಗಿದೆ ಎಂದೂ, ಅನ್ನವನ್ನೂ ಔಷಧವನ್ನೂ ತರುತ್ತೇವೆ ಎಂದೂ ಭರವಸೆ ಕೊಟ್ಟರು. ಕೊನೆಯಲ್ಲಿ ದೇವರು ಅಮೆರಿಕವನ್ನು ಆಶೀರ್ವದಿಸುತ್ತಿರಲಿ ಎಂದು ಹಾರೈಸಿ ಮುಗಿಸಿದರು. ಧ್ವನಿ ಶಾಂತವಾಗಿತ್ತು, ಮಾತು ಸ್ಪಷ್ಟವಾಗಿತ್ತು. ಕೇಳಿದವರಲ್ಲಿ ಬಹುಮಂದಿ ನಂಬಿದರು.

ನಂಬದವರೂ ಇದ್ದರು. ಅವರಲ್ಲಿ ಮೊದಲಿಗರು ನಮ್ಮ ಜಗದ್ಗುರು ದ್ವಿತೀಯ ಜಾನ್ ಪಾಲರು. ಆ ಜನವರಿ 13ರಂದು ರಾಯಭಾರಿಗಳ ಮುಂದೆ ಮಾತನಾಡುತ್ತಾ, ಯುದ್ಧ ಅನಿವಾರ್ಯವೆಂಬುದನ್ನು ಅವರು ಒಪ್ಪಲಿಲ್ಲ, ಅದು ಯಾವಾಗಲೂ ಮಾನವಕುಲದ ಸೋಲು ಎಂದರು. ಫೆಬ್ರವರಿಯಲ್ಲಿ ಕಾರ್ಡಿನಲ್ ರೋಜೆ ಎಚೆಗರೆ ಅವರನ್ನು ಬಾಗ್ದಾದಿಗೆ ಕಳುಹಿಸಿದರು. ಮಾರ್ಚ್ 5ರ ವಿಭೂತಿ ಬುಧವಾರವನ್ನು ಶಾಂತಿಗಾಗಿ ಉಪವಾಸದ ದಿನವೆಂದು ಸಾರಿದರು. ಅದೇ ದಿನ, ಹಿಂದೆ ಅಮೆರಿಕದಲ್ಲಿ ಅವರ ಪ್ರತಿನಿಧಿಯಾಗಿದ್ದ ಕಾರ್ಡಿನಲ್ ಪಿಯೊ ಲಾಗಿ ಅವರ ಪತ್ರವನ್ನು ಹಿಡಿದುಕೊಂಡು ಅಧ್ಯಕ್ಷರನ್ನು ಭೇಟಿಯಾದರು. ಮಾರ್ಚ್ 16ರ ಭಾನುವಾರ, ಭಾಷಣದ ಹಿಂದಿನ ದಿನ, ಜಗದ್ಗುರುಗಳು ತಾವು ಎರಡನೆಯ ಮಹಾಯುದ್ಧವನ್ನು ಕಣ್ಣಾರೆ ಕಂಡು ಬದುಕುಳಿದ ಪೀಳಿಗೆಯವರೆಂದು ಹೇಳಿ, ಇನ್ನೆಂದಿಗೂ ಯುದ್ಧ ಬೇಡವೆಂದು ಬೇಡಿಕೊಂಡರು. ಭಾಷಣದ ಮರುದಿನ ವ್ಯಾಟಿಕನ್ನಿನ ವಕ್ತಾರರು ಹೇಳಿದ್ದು ಒಂದೇ ಮಾತು. ಶಾಂತಿಯ ಹಾದಿಗಳೆಲ್ಲ ಮುಗಿದವೆಂದು ತೀರ್ಮಾನಿಸುವವರು ದೇವರ ಮುಂದೆ, ತಮ್ಮ ಅಂತಃಸಾಕ್ಷಿಯ ಮುಂದೆ, ಇತಿಹಾಸದ ಮುಂದೆ ಭಾರವಾದ ಹೊಣೆಯನ್ನು ಹೊರುತ್ತಾರೆ ಎಂದರು.

ಜಗದ್ಗುರುಗಳ ಬಳಿ ಬೇಹುಗಾರರ ಕಡತಗಳಿರಲಿಲ್ಲ. ಹಾಗಿದ್ದೂ ಅವರು ಹೇಗೆ ಸಂದೇಹಪಟ್ಟರು? ಧರ್ಮಸಭೆಯ ಬೋಧನೆಯಲ್ಲಿ ಇಂತಹ ಮಾತನ್ನು ತೂಗುವ ತಕ್ಕಡಿಯೊಂದಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದದಲ್ಲಿ ಅದು ಸಿಗುತ್ತದೆ. ಆಕ್ರಮಣಕಾರನಿಂದ ಆಗುವ ಹಾನಿ ಶಾಶ್ವತವಾದುದೂ ಗಂಭೀರವಾದುದೂ ಆಗಿರಬೇಕು, ಅದು ಖಚಿತವೂ ಆಗಿರಬೇಕು. ಬೇರೆ ಉಪಾಯಗಳೆಲ್ಲ ನಿಷ್ಫಲವಾಗಿರಬೇಕು. ಗೆಲ್ಲುವ ನಿಜವಾದ ಸಾಧ್ಯತೆ ಇರಬೇಕು. ಆಯುಧದಿಂದ ಹುಟ್ಟುವ ಕೇಡು, ತೊಲಗಿಸಬೇಕಾದ ಕೇಡಿಗಿಂತ ದೊಡ್ಡದಾಗಬಾರದು. ಈ ನಾಲ್ಕೂ ಒಟ್ಟಿಗೆ ಕೂಡಿ ಬರಬೇಕು, ಒಂದು ತಪ್ಪಿದರೂ ಸಾಲದು.

ಅಧ್ಯಕ್ಷರ ಮಾತನ್ನು ಈ ತಕ್ಕಡಿಗೆ ಹಾಕಿ ನೋಡಿ. ಹಾನಿ ಖಚಿತವೇ? ಅವರು ಹೇಳಿದ್ದು ಮುಂದೊಂದು ದಿನ ಆಗಬಹುದಾದ ಹಾನಿಯನ್ನು. ಬೇರೆ ಉಪಾಯಗಳು ಮುಗಿದಿದ್ದವೇ? ವಿಶ್ವಸಂಸ್ಥೆಯ ತಪಾಸಣೆಗಾರರು 2002ರ ನವೆಂಬರ್ ಕೊನೆಯಿಂದ ಇರಾಕಿನಲ್ಲಿ ಹುಡುಕುತ್ತಲೇ ಇದ್ದರು. ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಮಾರ್ಚ್ 7ರಂದು, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ವಾರಗಳು ಸಾಲವು, ಕೆಲವು ತಿಂಗಳುಗಳು ಬೇಕು ಎಂದು ಭದ್ರತಾ ಮಂಡಳಿಗೆ ತಿಳಿಸಿದ್ದರು. ಹತ್ತು ದಿನಗಳಲ್ಲಿ ಆ ತಿಂಗಳುಗಳು ನಲವತ್ತೆಂಟು ಗಂಟೆಗಳಾಗಿಬಿಟ್ಟವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ನಮ್ಮ ಗಾದೆ. ಅಲ್ಲಿ ಪ್ರತ್ಯಕ್ಷವೂ ಇರಲಿಲ್ಲ, ಪ್ರಮಾಣಿಸುವವರಿಗೆ ಹೊತ್ತೂ ಕೊಡಲಿಲ್ಲ.

ಪವಿತ್ರ ಬೈಬಲಿನಲ್ಲಿ ಇದೇ ಬಗೆಯ ಒಂದು ಸಭೆ ನಡೆದಿದೆ. ಅರಸರ ಮೊದಲನೆಯ ಗ್ರಂಥದ 22ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ. ಅರಸ ಅಹಾಬನಿಗೆ ಯುದ್ಧಕ್ಕೆ ಹೋಗುವ ಮನಸ್ಸಾಗಿತ್ತು. ಸುಮಾರು 400 ಪ್ರವಾದಿಗಳನ್ನು ಕೂಡಿಸಿ ಕೇಳಿದ. ಎಲ್ಲರೂ ಒಂದೇ ಬಾಯಲ್ಲಿ ಹೋಗು, ಜಯ ನಿನ್ನದೇ ಎಂದರು. ಜೊತೆಗಿದ್ದ ಯೂದಾಯದ ಅರಸನಿಗೆ ಮಾತ್ರ ಏನೋ ಸರಿಯೆನಿಸಲಿಲ್ಲ, ಕೇಳಲು ಬೇರೆ ಯಾರೂ ಇಲ್ಲವೇ ಎಂದ. ಇನ್ನೊಬ್ಬನಿದ್ದಾನೆ, ಆದರೆ ಅವನು ನನಗೆ ಒಳ್ಳೆಯದನ್ನು ನುಡಿಯುವುದೇ ಇಲ್ಲ, ಅವನನ್ನು ಕಂಡರಾಗದು ಎಂದು ಅಹಾಬ ಹೇಳಿದ. ಆ ಒಬ್ಬನೇ ಮೀಕಾಯೆಹು. ಕರೆಯಲು ಹೋದ ದೂತ ದಾರಿಯಲ್ಲೇ ಅವನಿಗೆ ಬುದ್ಧಿ ಹೇಳಿದ, ಎಲ್ಲರೂ ಹೇಳಿದ್ದನ್ನೇ ನೀನೂ ಹೇಳಿಬಿಡು ಎಂದು. ಮೀಕಾಯೆಹು ಅರಸನ ಮುಂದೆ ನಿಂತು, ಕುರುಬನಿಲ್ಲದ ಕುರಿಗಳಂತೆ ಬೆಟ್ಟಗಳ ಮೇಲೆ ಚೆದರಿಹೋದ ಜನರನ್ನು ಕಂಡೆನೆಂದ. ಅದಕ್ಕೆ ಕೆನ್ನೆಗೆ ಏಟು ತಿಂದ, ಸೆರೆಮನೆಗೆ ಹೋದ. ಅಹಾಬ ಯುದ್ಧಕ್ಕೆ ಹೋದ, ತಿರುಗಿ ಬರಲಿಲ್ಲ.

ಆ 400 ಮಂದಿಯೂ ಬೇಕೆಂದು ಸುಳ್ಳು ಹೇಳಿದರೆಂದು ನಾವು ತೀರ್ಪು ಕೊಡುವುದಿಲ್ಲ. ಅರಸನಿಗೆ ಏನು ಬೇಕೆಂಬುದು ಮೊದಲೇ ಗೊತ್ತಿದ್ದ ಕಡೆ, ಕಂಡದ್ದೂ ಅದೇ ಬಣ್ಣದಲ್ಲಿ ಕಾಣುತ್ತದೆ. ಇರಾಕಿನ ವಿಷಯದಲ್ಲೂ ಹೀಗೇ ಆಯಿತು. ಅಮೆರಿಕ ತಾನೇ ಕಳುಹಿಸಿದ ತಪಾಸಣಾ ತಂಡ ದೇಶವನ್ನೆಲ್ಲ ಜಾಲಾಡಿತು. ಹೇಳಿದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲವೆಂದು 2004ರ ಅಕ್ಟೋಬರಿನಲ್ಲಿ ಪ್ರಕಟವಾದ ಅದರ ವರದಿಯೇ ತಿಳಿಸಿತು. ಸಂದೇಹಕ್ಕೆ ಎಡೆಯಿಲ್ಲ ಎಂದ ಮಾತಿಗೆ ಆಧಾರವೇ ಇರಲಿಲ್ಲ. ಅಷ್ಟರಲ್ಲಿ ಯುದ್ಧ ನಡೆದುಹೋಗಿತ್ತು. ಮುಂದಿನ ವರ್ಷಗಳಲ್ಲಿ ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಪ್ರಾಣಬಿಟ್ಟರು. ಸತ್ತ ಇರಾಕಿ ನಾಗರಿಕರ ಸಂಖ್ಯೆ, ದಾಖಲೆಗೆ ಸಿಕ್ಕಿದ್ದನ್ನು ಮಾತ್ರ ಎಣಿಸಿದರೂ, ಲಕ್ಷ ದಾಟಿತು.

ಪ್ರಿಯರೇ, ಇದರಲ್ಲಿ ನಮ್ಮ ಸ್ವಂತ ಜನರ ಲೆಕ್ಕವೂ ಇದೆ. ಇರಾಕಿನ ಕ್ರೈಸ್ತರು ಪ್ರೇಷಿತರ ಕಾಲದಿಂದ ತಮ್ಮ ವಿಶ್ವಾಸದ ಬೇರನ್ನು ಗುರುತಿಸಿಕೊಳ್ಳುವವರು. ಅವರಲ್ಲಿ ಹೆಚ್ಚಿನವರು ಖಲ್ದೀಯ ಕಥೋಲಿಕರು. ಪ್ರವಾದಿ ಯೋನನು ಹೋದ ನಿನೆವೆ ಪಟ್ಟಣ ಇದ್ದದ್ದು ಇಂದಿನ ಮೊಸೂಲ್ ನಗರದ ಬಳಿಯಲ್ಲೇ. ನಿನೆವೆಯ ಜನರ ಪಶ್ಚಾತ್ತಾಪವನ್ನು ನೆನೆದು ಅವರು ಮೂರು ದಿನ ಉಪವಾಸ ಮಾಡುತ್ತಾರೆ. ನಮ್ಮ ನೆರೆಯ ಸಿರೋ ಮಲಬಾರ್ ಕುಟುಂಬಗಳವರು ಮೂನ್ನು ನೋಂಬ್ ಎಂದು ಆಚರಿಸುವುದು ಅದನ್ನೇ. 2003ಕ್ಕೆ ಮುಂಚೆ ಅಲ್ಲಿನ ಕ್ರೈಸ್ತರು ಹತ್ತು ಲಕ್ಷಕ್ಕೂ ಮಿಕ್ಕಿ ಇದ್ದರೆಂದು ಅಂದಾಜು. ಇಂದು ಉಳಿದವರು ಕೆಲವೇ ಲಕ್ಷ.

ಅವರಿಗೆ ಏನಾಯಿತು? 2001ರ ಸೆಪ್ಟೆಂಬರಿನಲ್ಲಿ ಅದೇ ಅಧ್ಯಕ್ಷರು ಭಯೋತ್ಪಾದನೆಯ ವಿರುದ್ಧದ ಯುದ್ಧಕ್ಕೆ ಕ್ರುಸೇಡ್ ಎಂಬ ಪದವನ್ನು ಬಳಸಿದ್ದರು. ಆ ಪದದ ಹೊಟ್ಟೆಯಲ್ಲೇ ಶಿಲುಬೆ ಇದೆ. ದಾಳಿಯಿಟ್ಟ ದೇಶದವರೂ ಕ್ರೈಸ್ತರು, ಪಕ್ಕದ ಮನೆಯವರೂ ಕ್ರೈಸ್ತರು ಎಂದು ಉಗ್ರರು ಗಂಟುಹಾಕಿದರು. ಅಧ್ಯಕ್ಷರ ಬಾಯಲ್ಲಿ ಬಂದ ದೇವರ ಹೆಸರಿಗೆ ಬೆಲೆ ತೆತ್ತವರು ಬಾಗ್ದಾದಿನ ಬೀದಿಯಲ್ಲಿ ಅದೇ ದೇವರನ್ನು ಪ್ರಾರ್ಥಿಸುತ್ತಿದ್ದವರು. 2004ರ ಆಗಸ್ಟ್ 1ರ ಭಾನುವಾರ ಬಾಗ್ದಾದ್ ಮತ್ತು ಮೊಸೂಲಿನ ದೇವಾಲಯಗಳ ಬಳಿ ಬಾಂಬುಗಳು ಸಿಡಿದವು. 2007ರ ಜೂನ್ 3ರಂದು ಮೊಸೂಲಿನಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಟ ಯುವಗುರು ರಘೀದ್ ಗನ್ನಿ ಅವರನ್ನೂ ಮೂವರು ಉಪಸೇವಕರನ್ನೂ ಗುಂಡಿಟ್ಟು ಕೊಂದರು. 2008ರ ತಪಸ್ಸುಕಾಲದ ಒಂದು ಶುಕ್ರವಾರ, ಶಿಲುಬೆಹಾದಿಯನ್ನು ಮುಗಿಸಿ ಹಿಂದಿರುಗುತ್ತಿದ್ದ ಮೊಸೂಲಿನ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಾಜ್ ರಾಹೋ ಅವರನ್ನು ಅಪಹರಿಸಿದರು. ಎರಡು ವಾರಗಳ ನಂತರ ಅವರ ದೇಹ ಸಿಕ್ಕಿತು. 2010ರ ಅಕ್ಟೋಬರ್ 31ರ ಸಂಜೆ ಬಾಗ್ದಾದಿನ ರಕ್ಷಣೆಯ ಮಾತೆಯ ದೇವಾಲಯಕ್ಕೆ ಪೂಜೆಯ ಹೊತ್ತಿನಲ್ಲಿ ನುಗ್ಗಿದರು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಇಬ್ಬರು ಗುರುಗಳು. 2014ರಲ್ಲಿ ಮೊಸೂಲಿನ ಕ್ರೈಸ್ತರ ಮನೆಗಳ ಗೋಡೆಗೆ ನೂನ್ ಎಂಬ ಅರಬ್ಬಿ ಅಕ್ಷರ ಬರೆದರು. ಅದು ನಸ್ರಾನಿ ಎಂಬುದರ ಮೊದಲಕ್ಷರ. ನಮ್ಮ ಮಲಯಾಳಿ ಸಹೋದರರು ಅಭಿಮಾನದಿಂದ ಹೇಳಿಕೊಳ್ಳುವ ಅದೇ ಹೆಸರು ಅಲ್ಲಿ ಮನೆ ಬಿಡಿಸುವ ಗುರುತಾಯಿತು. ಆ ಜುಲೈಯಲ್ಲೇ ಟಿಕ್ರಿತಿನ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ದೇಶದ 46 ದಾದಿಯರು ಕೊಚ್ಚಿಗೆ ಮರಳಿದಾಗ ನಮ್ಮ ನೆರೆಯ ಮನೆಗಳಲ್ಲಿ ಎಷ್ಟು ಕಣ್ಣೀರು ಹರಿಯಿತೆಂಬುದು ನೆನಪಿರಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸದ್ದಾಂ ಹುಸೇನ್ ಕ್ರೂರಿಯಾಗಿದ್ದುದು ನಿಜ. 1988ರಲ್ಲಿ ಹಲಬ್ಜಾ ಪಟ್ಟಣದ ಕುರ್ದರ ಮೇಲೆ ವಿಷಾನಿಲ ಸುರಿಸಿ ಸಾವಿರಾರು ಜನರನ್ನು ಕೊಂದ ಆಡಳಿತ ಅವರದು. 1990ರಲ್ಲಿ ಕುವೈತಿನ ಮೇಲೆ ದಾಳಿಯಿಟ್ಟವರೂ ಅವರೇ. ಅಲ್ಲಿಂದ ನಮ್ಮ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಜಗದ್ಗುರುಗಳು ಅವರ ಪಕ್ಷ ವಹಿಸಲಿಲ್ಲ, ಅಸ್ತ್ರ ತ್ಯಜಿಸಬೇಕೆಂದು ಇರಾಕಿಗೂ ಹೇಳಿದರು. ಶತ್ರು ಕೆಟ್ಟವನೆಂಬುದು ಯುದ್ಧಕ್ಕೆ ಸಾಕಾದ ಕಾರಣವಲ್ಲ ಎಂಬುದಷ್ಟೇ ಧರ್ಮಸಭೆಯ ನಿಲುವು. ಕಳೆ ಕೀಳಲು ಹೋದವರು ಗೋದಿಯನ್ನೂ ಕಿತ್ತಾರು ಎಂದು ಪ್ರಭು ಯೇಸು ಎಚ್ಚರಿಸಿದ್ದು ಇಂತಹ ಹೊಲವನ್ನು ನೋಡಿಯೇ.

ಇನ್ನೊಂದು ಮಾತು ನಮ್ಮ ಸೈನಿಕರ ಮನೆಗಳಿಗೆ. ನಮ್ಮ ಸೀಮೆಯಿಂದ ಸೇನೆಗೆ ಸೇರಿದ ಮಕ್ಕಳಿದ್ದಾರೆ, ನಿವೃತ್ತರಾಗಿ ಬಂದು ಪೂಜೆಯಲ್ಲಿ ವಾಚನ ಓದುವ ಹಿರಿಯರಿದ್ದಾರೆ. ಈ ಚಿಂತನೆ ಅವರಿಗೆ ವಿರುದ್ಧವಲ್ಲ. ನಾಡನ್ನು ಕಾಯುವ ಕೆಲಸವನ್ನು ನೇರವಾಗಿ ಮಾಡುವವರು ಶಾಂತಿಗೇ ದುಡಿಯುತ್ತಾರೆಂದು ಅದೇ ಧರ್ಮೋಪದೇಶ ಗ್ರಂಥ ಮುಂದಿನ ಪರಿಚ್ಛೇದದಲ್ಲಿ ಹೇಳುತ್ತದೆ. ಆದ್ದರಿಂದಲೇ ಅವರನ್ನು ಕಳುಹಿಸುವವರ ಮಾತನ್ನು ಹೆಚ್ಚು ಎಚ್ಚರದಿಂದ ತೂಗಬೇಕು. ಸೈನಿಕ ತನ್ನ ಪ್ರಾಣವನ್ನು ಕೊಡಲು ಸಿದ್ಧನಿರುವಾಗ, ಆಳುವವರು ಕನಿಷ್ಠ ಸತ್ಯವನ್ನಾದರೂ ಕೊಡಬೇಕಲ್ಲವೇ?

ಹಾಗಾದರೆ ತಪ್ಪೆಲ್ಲ ದೊಡ್ಡವರದೇ ಎಂದು ನಾವು ಕೈತೊಳೆದುಕೊಳ್ಳಬಹುದೇ? ಆ ಗುರುವಾರವನ್ನು ನೆನೆಸಿಕೊಳ್ಳಿ. ಮಾರ್ಚ್ 20, ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಭಾರತಕ್ಕೂ ಕೀನ್ಯಾಕ್ಕೂ ಸೆಮಿಫೈನಲ್ ಇದ್ದ ದಿನ. ಒಂದು ಚಾನೆಲ್ಲಿನಲ್ಲಿ ಬಾಗ್ದಾದಿನ ಆಕಾಶ, ಇನ್ನೊಂದರಲ್ಲಿ ಪಂದ್ಯ. ನಾವೂ ಒಂದರಿಂದ ಇನ್ನೊಂದಕ್ಕೆ ತಿರುಗಿಸುತ್ತಾ ಕುಳಿತಿದ್ದೆವು. ಕಿತ್ತಳೆ ಬಣ್ಣದ ಬೆಳಕು ಹೊಳೆದಾಗ ಅದರ ಕೆಳಗೆ ಮನೆಗಳಿವೆ, ತೊಟ್ಟಿಲುಗಳಿವೆ ಎಂದು ನಮಗೆ ಹೊಳೆಯಲಿಲ್ಲ. ತಪಸ್ಸುಕಾಲದ ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡವರು ನಮ್ಮಲ್ಲಿ ಯಾರಿದ್ದೇವೆ?

ನಾವು ಸಣ್ಣ ಹಿಂಡು. ಈ ಧರ್ಮಕ್ಷೇತ್ರದಲ್ಲಿ ಕನ್ನಡದವರು ಕೆಲವರೇ, ದೇಶದಲ್ಲಿ ಕ್ರೈಸ್ತರು ಕೆಲವರೇ. ಸಣ್ಣ ಹಿಂಡಿಗೆ ಒಂದು ಭಯವಿರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ನಾವು ಸುಮ್ಮನಿದ್ದರೆ ನಮ್ಮನ್ನು ಬೇರೆಯವರೆಂದಾರು ಎಂಬ ಭಯ. ಆ ಭಯಕ್ಕೆ ಸೋತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವ ಆಸೆಯೂ ಬರುತ್ತದೆ. ಇರಾಕಿನ ನಮ್ಮ ಸಹೋದರರ ಕಥೆ ಇಲ್ಲಿ ಪಾಠವಾಗಲಿ. ಬಲಿಷ್ಠರು ದೇವರ ಹೆಸರಿನಲ್ಲಿ ಆಡಿದ ಮಾತಿಗೆ ದುರ್ಬಲ ಕ್ರೈಸ್ತರು ಬೆಲೆ ತೆರುತ್ತಾರೆ. ಆದ್ದರಿಂದ ಆ ಮಾತು ನಮ್ಮದಲ್ಲವೆಂದು ನಾವೇ ಬಾಯಿಬಿಟ್ಟು ಹೇಳಬೇಕು. ನೆರೆಯ ಹಿಂದೂ ಮುಸ್ಲಿಂ ಸಹೋದರರಿಗೆ ನಮ್ಮ ಜಗದ್ಗುರುಗಳು ಅಂದು ಏನು ಹೇಳಿದ್ದರೆಂಬುದನ್ನು ತಿಳಿಸಬೇಕು.

ಸಂದೇಹಿಸುವುದು ನಮಗೆ ಹೊಸದೂ ಅಲ್ಲ. ನಮ್ಮ ಪೂಜೆಯ ಕೊನೆಯಲ್ಲಿ ಪ್ರಕಟಣೆಗಳು ತಮಿಳಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಬರುತ್ತವೆ. ಒಂದರಲ್ಲಿ ಆರು ಗಂಟೆ, ಇನ್ನೊಂದರಲ್ಲಿ ಏಳು ಗಂಟೆ ಎಂದರೆ ನಾವು ಸುಮ್ಮನೆ ಮನೆಗೆ ಹೋಗುವುದಿಲ್ಲ, ಸಂಕ್ರಿಸ್ತಿಯ ಬಾಗಿಲಲ್ಲಿ ನಿಂತು ನಿಜವಾಗಿ ಏನು ಹೇಳಿದಿರಿ ಎಂದು ಕೇಳುತ್ತೇವೆ. ಅದನ್ನು ಯಾರೂ ಅವಿಶ್ವಾಸ ಎನ್ನುವುದಿಲ್ಲ. ಪೂಜೆಯ ಹೊತ್ತಿಗೆ ಕೇಳುವ ಪ್ರಶ್ನೆಯನ್ನು ಯುದ್ಧದ ಹೊತ್ತಿಗೆ ಕೇಳಬಾರದೇ? ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಇದು. ಅಮ್ಮಾ, ದೊಡ್ಡವರಿಗೆ ನಮಗಿಂತ ಹೆಚ್ಚು ಗೊತ್ತಿರಬಹುದು. ಆದರೆ ಗೊತ್ತಿದೆ ಎನ್ನುವುದು ಬೇರೆ, ತೋರಿಸುವುದು ಬೇರೆ. ವಿಶ್ವಾಸ ದೇವರಿಗೆ ಸಲ್ಲಬೇಕು. ಅರಸರನ್ನು ನೆಚ್ಚಬಾರದೆಂದು 146ನೆಯ ಕೀರ್ತನೆ ನಮಗೆ ಕಲಿಸಿದೆ. ಅವರ ಮಾತಿಗೆ ಸಲ್ಲಬೇಕಾದುದು ಪರಿಶೀಲನೆ.

ಈಗ ಸಂತ ಜೋಸೆಫರ ಬಳಿಗೆ ಹೋಗೋಣ. ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಅರಸ ಹೆರೋದನು ಜ್ಞಾನಿಗಳನ್ನು ಗುಟ್ಟಾಗಿ ಕರೆಸಿದ. ಮಗುವಿನ ವಿಷಯ ತಿಳಿದುಕೊಂಡು ಬನ್ನಿ, ನಾನೂ ಹೋಗಿ ಆರಾಧಿಸಬೇಕು ಎಂದ. ಮಾತು ಭಕ್ತಿಯದು, ಒಳಗಿದ್ದುದು ಸಿಂಹಾಸನದ ಭಯ. ಕನಸಿನಲ್ಲಿ ದೇವರ ಎಚ್ಚರಿಕೆ ಕೇಳಿದ ಜ್ಞಾನಿಗಳು ಬೇರೆ ದಾರಿ ಹಿಡಿದು ಊರಿಗೆ ಹೋದರು. ಅದೇ ರಾತ್ರಿಗಳಲ್ಲಿ ಜೋಸೆಫರೂ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಬೆತ್ಲೆಹೇಮಿನ ಬೇರೆ ಮಕ್ಕಳು ಅರಸನ ಭದ್ರತೆಗೆ ಬಲಿಯಾದರು. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿ ಹುಡುಕಿದರೂ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಅವರು ಮಾಡಿದ್ದು ಮಗುವನ್ನು ಎತ್ತಿಕೊಂಡದ್ದು.

2003ರ ಆ ಹಬ್ಬದ ದಿನವೂ ಬಾಗ್ದಾದಿನಲ್ಲಿ, ಮೊಸೂಲಿನಲ್ಲಿ ಎಷ್ಟೋ ತಂದೆಯರು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಯೋಚಿಸುತ್ತಾ ಗಂಟೆಗಳನ್ನು ಎಣಿಸುತ್ತಿದ್ದಿರಬೇಕು. ಅವರಲ್ಲಿ ಮುಸಲ್ಮಾನರೇ ಹೆಚ್ಚು. ಅವರೆಲ್ಲರೂ ಆ ದಿನ ಜೋಸೆಫರೇ. ಯುದ್ಧದ ಭಾಷಣವನ್ನು ಕೇಳುವಾಗ ಮಾತನಾಡುವವರ ಪಕ್ಕದಲ್ಲಿ ಕುಳಿತು ಕೇಳುವುದು ಸುಲಭ. ಆ ತಂದೆಯ ಪಕ್ಕದಲ್ಲಿ ಕುಳಿತು ಕೇಳುವುದೇ ನಮ್ಮ ತಪಸ್ಸಾಗಲಿ.

ಈ ತಪಸ್ಸುಕಾಲದಲ್ಲಿ ನಮ್ಮ ಕೈಯಲ್ಲಿ ಆಗುವುದನ್ನು ಮಾಡೋಣ. ಶುಕ್ರವಾರದ ಒಂದು ಹೊತ್ತಿನ ಊಟವನ್ನು ಯುದ್ಧದ ಊರುಗಳ ಮಕ್ಕಳಿಗಾಗಿ ಬಿಡೋಣ, ಉಳಿಸಿದ ಹಣವನ್ನು ದೇವಾಲಯದ ಬಾಗಿಲಿನ ತಪಸ್ಸುಕಾಲದ ಪೆಟ್ಟಿಗೆಗೆ ಹಾಕೋಣ. ಮೊಬೈಲಿಗೆ ಬಂದ ಯುದ್ಧದ ವಿಡಿಯೊವನ್ನು ಮುಂದಕ್ಕೆ ಕಳುಹಿಸುವ ಮುನ್ನ, ಇದು ನಿಜವೇ ಎಂದೂ ಇದರ ಕೆಳಗೆ ಯಾರ ಮನೆಯಿದೆ ಎಂದೂ ಒಂದು ಕ್ಷಣ ಕೇಳಿಕೊಳ್ಳೋಣ. ಯಾವ ದೇಶದ ಅಧ್ಯಕ್ಷರೇ ಆಗಲಿ, ನಮ್ಮವರೇ ಆಗಲಿ, ಯುದ್ಧದ ಮಾತಾಡಿದರೆ ಧರ್ಮಸಭೆಯ ಆ ನಾಲ್ಕು ಪ್ರಶ್ನೆಗಳನ್ನು ನೆನೆಯೋಣ. ಹಬ್ಬದ ದಿನ ಮೂರು ಭಾಷೆಗಳ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೆಲುವನ್ನು ಬೇಡದೆ ಶಾಂತಿಯನ್ನು ಬೇಡೋಣ. ಆ ಹಿರಿಯ ತಾಯಿಯೇ ಕನ್ನಡದ ಬಿನ್ನಹವನ್ನು ಓದಲು ಒಪ್ಪಿದ್ದಾರೆ.

ಮಗುವನ್ನು ಎದೆಗವಚಿಕೊಂಡು ರಾತ್ರಿಯಲ್ಲಿ ನಡೆದ ಸಂತ ಜೋಸೆಫರೇ, ಇಂದು ರಾತ್ರಿ ಮನೆ ಬಿಟ್ಟು ಹೊರಡುವ ಎಲ್ಲರ ಜೊತೆಗೆ ನಡೆಯಿರಿ. ಆಳುವವರಿಗೆ ಸತ್ಯವನ್ನು ಹೇಳುವ ಬಾಯಿಯನ್ನೂ ನಮಗೆ ಅದನ್ನು ಕೇಳುವ ಧೈರ್ಯವನ್ನೂ ಪ್ರಭುವಿನಿಂದ ಬೇಡಿಕೊಡಿರಿ. ಆಮೆನ್.